ವಜ್ರ ಸೀಳಿದ ಶುಕ್ರವಾರ

ಕಗ್ಗದಾಸಪುರದ ಹತ್ತಿರದ ನಮ್ಮ ಲ್ಯಾಬಿಗೆ ಶಿವಾಜಿನಗರದಿಂದ ಒಬ್ಬ ಟೆಕ್ನಿಷಿಯನ್ ಬರುತ್ತಿದ್ದರು. ಎರಡು ವಜ್ರಗಳ ತುದಿಗಳ ನಡುವೆ ಸಾಸಿವೆಗಿಂತ ಸಣ್ಣ ಹರಳನ್ನಿಟ್ಟು, ಭೂಗರ್ಭದಲ್ಲಿರುವಷ್ಟು ಒತ್ತಡ ಕೊಟ್ಟು, ಕ್ಷಣದ ಕೋಟಿಯಲ್ಲೊಂದು ಪಾಲೂ ಉಳಿಯದ ಲೇಸರ್ ಮಿಂಚು ಹಾಯಿಸಿ, ಒಳಗೇನಾಗುತ್ತದೆಂದು ನೋಡುವುದು ನನ್ನ ಸಂಶೋಧನೆ. ಹರಳನ್ನು ಉಸಿರು ಬಿಗಿಹಿಡಿದು ಕೂರಿಸುತ್ತಿದ್ದುದು ಅವರು. ವಜ್ರಗಳನ್ನು ಒತ್ತುವ ಸ್ಕ್ರೂ ನಾನು ಮುಟ್ಟಿದರೆ ಸಾಕು, "ಆಹಿಸ್ತಾ ಮೇಡಂ, ನಿಧಾನ, ಕಲ್ಲೂ ಸುಧಾರಿಸ್ಕೊಳ್ಲಿ" ಎನ್ನುತ್ತಿದ್ದರು.

ಒಂದು ಶುಕ್ರವಾರ ಅವರು ನಮಾಜಿಗೆ ಹೋಗಿದ್ದಾಗ ನಾನು ಕಾಯಲಾರದೆ ಸ್ಕ್ರೂ ಬಿಗಿ ಮಾಡಿದೆ. ಟಿಕ್ ಎಂದು ವಜ್ರ ಸೀಳಿತು. ಮರಳಿ ಬಂದವರು ಮೈಕ್ರೋಸ್ಕೋಪಿನಲ್ಲಿ ಸೀಳನ್ನು ನೋಡಿದರು.

"ಗೈಡ್ ಸರ್‌ಗೆ ತಾನಾಗೇ ಒಡೀತು ಅಂತ ಹೇಳ್ಲಾ?" ಎಂದೆ.

"ಬೇಡ. ನಿಜಾನೇ ಹೇಳಿ. ನಾನೂ ಜೊತೇಲಿ ಬರ್ತೀನಿ."

ನನ್ನ ಗೈಡ್ ಬೈದು ಮುಗಿಸುವವರೆಗೂ ಅವರು ನನ್ನ ಪಕ್ಕದಲ್ಲಿ, ತಾವೇ ಒಡೆದವರಂತೆ ತಲೆತಗ್ಗಿಸಿ ನಿಂತಿದ್ದರು.

"ಇನ್ಮೇಲೆ ಸ್ಕ್ರೂ ಬಿಗಿಸೋದನ್ನ ಇವರ ಕೈಗೆ ಕೊಡ್ಬೇಡಿ" ಎಂದರು ಗೈಡ್.

"ಇವರಿಗೇ ಕೊಡ್ತೀನಿ ಸರ್. ಎಲ್ಲಿ ನಿಲ್ಲಿಸ್ಬೇಕು ಅಂತ ಒಡೆದವ್ರಿಗೆ ಗೊತ್ತಿರುತ್ತೆ."

ಹೊಸ ವಜ್ರ ಬಂದ ದಿನ ಅವರು ಸ್ಕ್ರೂ ಬಿಗಿಸುವ ಅಲೆನ್ ಕೀಯನ್ನು ನನ್ನ ಅಂಗೈಯಲ್ಲಿಟ್ಟರು. ನನ್ನೊಬ್ಬಳನ್ನೇ ಬಿಟ್ಟು ಚಹಾ ಕುಡಿಯಲು ಹೊರಗೆ ಹೋದರು.