ಹುತ್ತದ ಅಣಬೆಯ ವಿಳಾಸ

"ಸುಳ್ಳು ಹೇಳ್ಬುಟ್ಯಾ ತಾತ?"

ಫೋನಿನಲ್ಲಿ ಸವಿತಾ ಕೇಳಿದ ರೀತಿಗೆ ಟೀ ಲೋಟ ಕೆಳಗಿಟ್ಟೆ. ಸವಿತಾ ನನ್ನ ತಂಗಿಯ ಮೊಮ್ಮಗಳು, ಮಧುಗಿರಿಯವಳು. ಯೂನಿವರ್ಸಿಟಿಯಲ್ಲಿ ಅಣಬೆ ಮೇಲೆ ರಿಸರ್ಚ್ ಮಾಡುತ್ತಾಳೆ. (ಹೌದು, ಅಣಬೆ ಮೇಲೇ.) ಹೋದ ತಿಂಗಳು ನಾನೇ ಅವಳಿಗೊಂದು ಅಣಬೆ ಕೊಟ್ಟಿದ್ದೆ. ಎಲ್ಲಿ ಸಿಕ್ಕಿತು ಅಂದಳು. ತಾವರೆಕೆರೆ ಬೇಲಿ ಸಾಲು ಅಂದೆ.

ಸಿಕ್ಕಿದ್ದು ಬುಕ್ಕಾಪಟ್ಟಣದ ಕಡೆ, ಒಂದು ಹುತ್ತದ ಪಕ್ಕ. ಇದನ್ನೂ ಸುಳ್ಳು ಅಂತಾರಾ? ಅಣಬೆ ಎದ್ದ ಜಾಗವನ್ನು ನಮ್ಮ ಕಡೆ ಯಾರಾದರೂ ಹೇಳುತ್ತಾರೇನ್ರೀ? ಬಡಗಲಲ್ಲಿ ಸಿಕ್ಕಿದರೆ ತೆಂಕಲಿಗೆ ಕೈ ತೋರಿಸುವುದು ಸಂಪ್ರದಾಯ. ಆ ಜಾಗ ನನ್ನ ಹೆಂಡತಿಗೂ ಗೊತ್ತಿಲ್ಲ. ಮದುವೆಯಾದಾಗಿನಿಂದ ಕೇಳುತ್ತಿದ್ದಾಳೆ. ನಾನು ಬಗ್ಗಿಲ್ಲ.

ಪಾಪ, ಸವಿತಾ ಎರಡು ದಿನದಿಂದ ಆ ಬೇಲಿ ಸಾಲು ಸುತ್ತಿ ಮುಳ್ಳು ಚುಚ್ಚಿಸಿಕೊಂಡಿದ್ದಾಳೆ.

"ಕೊಡೆ, ಕಾಲು ನೋಡುದ್ರೆ ಮಾಮೂಲಿ ಅಣಬೆನೇ ತಾತ. ಕೊಡೆಯಿಂದ ಉದುರೋ ಬೀಜಕದ ಪುಡಿ ಮಾತ್ರ ಮೈಕ್ರೋಸ್ಕೋಪಲ್ಲಿ ಬೇರೆ ತರ ಕಾಣ್ತು. ಚೂರು ಕಿತ್ತು ಡಿಎನ್‌ಎ ಮಾಡುಸ್ದೆ. ಗೊತ್ತಿರೋ ಯಾವ ಅಣಬೆಗೂ ಹೊಂದ್ತಿಲ್ಲ. ಇದು ಹೊಸಾದು ಕಣ್ ತಾತ!"

ಹೊಸದಂತೆ! ಹಾಗಾದರೆ ನಮ್ಮಜ್ಜಿ ಸಾರು ಮಾಡುತ್ತಿದ್ದುದು ಯಾವುದನ್ನು? ಇರಲಿ. ನನ್ನ ತಲೆ ಬೇರೆಲ್ಲೋ ಓಡಿತು. ಪ್ರಪಂಚಕ್ಕೇ ಹೊಸ ಅಣಬೆ. ತಂದುಕೊಟ್ಟವನು ನಾನು. ಯಾರ ಹೆಸರಿಡಬೇಕು? ನೀವೇ ಹೇಳಿ.

"ಒಂದೇ ಒಂದು ತೋರ್ಸುದ್ರೆ ಯಾರೂ ನಂಬಕ್ಕಿಲ್ಲ. ಅದೇ ಜಾಗದ್ದು ಇನ್ನೊಂದಷ್ಟು ಬೇಕು. ಮಳೆ ನಿಂತ್ರೆ ಮುಗೀತು. ಮುಂದಿನ ಮಳೆಗಾಲದೊಳಗೆ ನನ್ನ ರಿಸರ್ಚ್‌ಗೆ ಕೊಟ್ಟಿರೋ ಟೈಮೇ ಮುಗ್ದೋಯ್ತದೆ."

ಅವತ್ತಿಡೀ ಕೂತಲ್ಲಿ ಕೂರಲಾಗಲಿಲ್ಲ. ಬಾಗಿಲಿಗೆ ಹೋಗಿ ಮೋಡ ನೋಡುವುದು, ಒಳಗೆ ಬರುವುದು. ಹೇಳಿದರೆ ಗುಟ್ಟು ಹೋಯಿತು. ಹೇಳದಿದ್ದರೆ ಹುಡುಗಿಯ ಓದು ಹೋಯಿತು, ಜೊತೆಗೆ ನನ್ನ ಹೆಸರೂ. ಸಾಲದ್ದಕ್ಕೆ ಬಿಸಿಲು ಬೇರೆ ಬಂತು!

"ಯಾಕಿಂಗೆ ಮರಿ ಹಾಕಕ್ಕೆ ಜಾಗ ಹುಡ್ಕೋ ಬೆಕ್ಕಿನಂಗೆ ಓಡಾಡ್ತಿದ್ದೀರ?" ಅಂದಳು ಹೆಂಡತಿ.

ಸಂಜೆಗೆ ಸೋತು ಫೋನ್ ಮಾಡಿದೆ. "ಬಾ ಕಣಮ್ಮ. ಆದ್ರೆ ಕಣ್ಣಿಗೆ ಬಟ್ಟೆ ಕಟ್ಟಿ ಕರ್ಕೊಂಡೋಯ್ತೀನಿ."

"ಕಟ್ಟು ತಾತ. ನನ್ನ ಫೋನ್‌ಗೆ ಕಣ್ಣು ಬ್ಯಾಡ, ಜಿಪಿಎಸ್ ಐತೆ."

ಊರಿಗೆಲ್ಲ ಟೋಪಿ ಹಾಕಿದ ನನಗೇ!

ಬೆಳಿಗ್ಗೆ ಹೋದೆವು. ಹುತ್ತದ ಪಕ್ಕ ಒಂದು ಗುಂಪೇ ಎದ್ದಿತ್ತು. ಸವಿತಾ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ಬುಡ ಮುರಿಯದ ಹಾಗೆ ಎತ್ತಿದಳು, ಅಳೆದಳು, ಫೋಟೋ ತೆಗೆದಳು. ಕಣ್ಣು ಒದ್ದೆಯಾಗಿತ್ತು. (ಧೂಳು ಅಂದಳು. ಮಳೆ ಬಿದ್ದ ನೆಲದಲ್ಲಿ ಧೂಳು!)

ಮೊನ್ನೆ ಫೋನ್ ಬಂತು. ಇವುಗಳ ಡಿಎನ್‌ಎ ಕೂಡ ಮೊದಲಿನದಕ್ಕೆ ಮ್ಯಾಚ್ ಆಯಿತಂತೆ. ಎದೆಯುಬ್ಬಿಸಿ ಕೇಳಿದೆ, "ಸರಿ, ಹೆಸರು?"

"ಸಿಕ್ಕಿದ ಊರಿನ ಹೆಸರೇ ಇಡಾನ ಅಂತ ತಾತ. ಬುಕ್ಕಾಪಟ್ಟಣ ಅಂತ ಬರಂಗೆ. ಹುತ್ತದ ಜಿಪಿಎಸ್ ನಂಬರೂ ಜರ್ನಲ್ಲಲ್ಲಿ ಅಚ್ಚಾಯ್ತದೆ."

ಹೆಂಡತಿ ಆಗಲೇ ಬುಟ್ಟಿ ತೆಗೆದಿಟ್ಟಿದ್ದಾಳೆ. ನೀವು ಯಾವಾಗ ಹೊರಡುತ್ತೀರಿ?