ಮಗ್ಗದ ಕುಣಿಯ ಬೀಡಿ ಮೋಟುಗಳು

ನನ್ನ ಗಂಡ ಸುಳ್ಳುಗಾರರಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವತ್ತು ಡಾಕ್ಟರ ಎದುರು ಅವರು ಹೇಳಿದ್ದು ಅಪ್ಪಟ ಸುಳ್ಳಾಗಿತ್ತು.

ಹೋಗಿದ್ದು ನನ್ನ ಬಿ.ಪಿ. ತೋರಿಸಲು. ಹುಬ್ಬಳ್ಳಿಯಿಂದ ಭಾನುವಾರಕ್ಕೊಮ್ಮೆ ಗಜೇಂದ್ರಗಡಕ್ಕೆ ಬರುತ್ತಿದ್ದ ಡಾಕ್ಟರಿಗೆ ನನ್ನ ಪಕ್ಕ ಕೂತಿದ್ದ ಇವರಿಂದ ಬೀಡಿಯ ವಾಸನೆ ಬಡಿಯಿತು.

“ದಿನಕ್ಕ ಎಷ್ಟು ಸೇದ್ತೀರಿ ಯಜಮಾನ್ರ?”

“ನಾಕೋ ಐದೋ ರೀ. ಉಂಡ ಮ್ಯಾಲ, ಚಾ ಕುಡದ ಮ್ಯಾಲ.”

“ಹಂಗಿದ್ರ ಬಿಡಾಕ ನೋಡ್ರಿ, ಅಷ್ಟ ಸಾಕು. ನಿಮ್ಮ ವಯಸ್ಸಿನ್ಯಾಗ ವರ್ಷಾನುಗಟ್ಲೆ ಕಟ್ಟುಗಟ್ಲೆ ಸೇದಿದವ್ರಿದ್ರ, ಕೆಮ್ಮು ಇರ್ಲಿ ಬಿಡ್ಲಿ, ಎದಿ ಸ್ಕ್ಯಾನ್ ಮಾಡಿಸ್ರಿ ಅಂತಿದ್ದೆ. ಕ್ಯಾನ್ಸರ್ ಗಡ್ಡಿ ಇದ್ರೂ ಸಣ್ಣದಿದ್ದಾಗ ಸಿಕ್ರ ತಗದು ಒಗೀಬಹುದು.”

ನನಗೆ ಮೈಯೆಲ್ಲ ಉರಿಯಿತು. ನಾಲ್ಕು ಜನರ ಮುಂದೆ ಗಂಡನ ಮಾನ ಕಳೆಯಬಾರದೆಂದು ತುಟಿ ಕಚ್ಚಿಕೊಂಡು ಕೂತೆ. ಹೊರಗೆ ಕಾಲಿಟ್ಟವಳೇ ಶುರು ಮಾಡಿದೆ.

“ನಾಕೋ ಐದೋ ಅಂತ! ಹಂಗ ಹೇಳಾಕ ಬಾಯರ ಹ್ಯಾಂಗ ಬಂತ್ರಿ ನಿಮಗ?”

“ಖರೇನ ಹೇಳೇನಿ. ಮಗ್ಗದಾಗ ಕೂತು ಸೇದಿದ್ದು ಸೇದಿದಂಗಲ್ಲ. ಅದು ಕೆಲಸದಾಗ ಬಂತು.”

ಅವರು ನಿಜವಾಗಿಯೂ ಹಾಗೆ ನಂಬಿದ್ದರು. ನಮ್ಮ ಓಣಿಯ ನೇಕಾರರೆಲ್ಲ ಹಾಗೇ. ಮಗ್ಗದ ಕೆಳಗೆ ತೋಡಿದ ತಗ್ಗು, ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಬೀಡಿ ಹೊತ್ತಿದ್ದೂ ಗೊತ್ತಾಗದು, ಮುಗಿದದ್ದೂ ಗೊತ್ತಾಗದು. ಸೀರೆಯ ನೂಲಿಗೆ ಕಿಡಿ ತಾಗಬಾರದೆಂದು ಮೋಟನ್ನು ಕುಣಿಯ ಗೋಡೆಗೆ ಒತ್ತಿ ಆರಿಸಿ, ಅಲ್ಲೇ ಕೆಡವುತ್ತಿದ್ದರು. ಅಮಾವಾಸ್ಯೆಗೆ ಮಗ್ಗ ನಿಲ್ಲಿಸಿ ಪೂಜೆ ಮಾಡುವ ದಿನ ಆ ಕುಣಿ ಗುಡಿಸುವವಳು ನಾನು.

ಆ ವಾರವೇ ಅಮಾವಾಸ್ಯೆ ಬಂತು. ಗುಡಿಸಿದ ಮೋಟುಗಳನ್ನು ತಿಪ್ಪೆಗೆ ಚೆಲ್ಲದೆ ಹಳೆಯ ಕುಪ್ಪಸದ ಅರಿವೆಯಲ್ಲಿ ಕಟ್ಟಿಟ್ಟೆ. ಮುಂದಿನ ಭಾನುವಾರ, ಗುಳಿಗಿ ನನಗೆ ಹೊಂದಿಕೆಯಾಗುತ್ತಿಲ್ಲ ಎಂದು ನೆವ ಹೇಳಿ ಇವರನ್ನೂ ಎಳೆದುಕೊಂಡು ಹೋದೆ. ಡಾಕ್ಟರ ಮೇಜಿನ ಮೇಲೆಯೇ ಅರಿವೆ ಬಿಚ್ಚಿದೆ.

“ಇದು ಒಂದ ತಿಂಗಳದ್ದು ನೋಡ್ರಿ ಸಾಹೇಬ್ರ. ಹಿಂಗ ಮೂವತ್ತು ವರ್ಷ ಆತು.”

“ಏ ಹುಚ್ಚಿ! ಮರ್ಯಾದಿ ಐತೇನ ನಿನಗ?” ಎಂದರು ಇವರು, ಮುಖ ಕೆಂಪಗೆ ಮಾಡಿಕೊಂಡು.

“ಮರ್ಯಾದಿ ಆಮ್ಯಾಲ ನೋಡೋಣ್ರಿ. ಮೊದಲ ನೀವು ಇರಬೇಕು ನನಗ,” ಎನ್ನುತ್ತ ಅತ್ತೇಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ.

ಡಾಕ್ಟರು ನಗಲಿಲ್ಲ. ಪೆನ್ನಿನ ತುದಿಯಿಂದ ಆ ರಾಶಿಯನ್ನು ಒಮ್ಮೆ ಕೆದಕಿ, ಹುಬ್ಬಳ್ಳಿಯ ಸ್ಕ್ಯಾನಿಗೆ ಚೀಟಿ ಬರೆದರು.

ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಕಡಲೆಕಾಳಿನಷ್ಟು ಗಡ್ಡೆ ಕಂಡಿತು. ತಪಾಸಣೆಯಲ್ಲಿ ಕ್ಯಾನ್ಸರ್ ಎಂದು ಬಂತು. ಮೋಟು ಹೊತ್ತು ತಂದವಳು ನಾನೇ, ಈ ಸುದ್ದಿಯನ್ನೂ ನಾನೇ ಹೊತ್ತು ತಂದೆನೇನೋ ಅನ್ನಿಸಿತು.

“ಹೆದರಬ್ಯಾಡ್ರಿ ತಾಯಿ,” ಎಂದರು ಡಾಕ್ಟರು. “ಎಲ್ಲೂ ಹಬ್ಬಿಲ್ಲ. ಭಾಳ ಲಗೂ ಸಿಕ್ಕೈತಿ.”

ಆಪರೇಶನ್ ಮಾಡಿ ಆ ಭಾಗವನ್ನೇ ತೆಗೆದರು. ಕೆಲವು ತಿಂಗಳು ಮಗ್ಗದ ಸದ್ದಿಲ್ಲದೆ ಮನೆ ಭಣಭಣ ಅನ್ನುತ್ತಿತ್ತು. ಇವರು ಬೀಡಿಯ ಬದಲು ಬಡೇಸೋಪು ಜಗಿಯುತ್ತ, ನನ್ನನ್ನು ಬೈಯುತ್ತ ಕೂತಿರುತ್ತಿದ್ದರು. ಮತ್ತೆ ನೇಯಲು ಇಳಿದ ಮೇಲೆ ಬಂದ ಮೊದಲ ಅಮಾವಾಸ್ಯೆಗೆ ಕುಣಿಯಲ್ಲಿ ಮೂರು ಮೋಟು ಸಿಕ್ಕವು. ಹೋಳಿಗೆಯ ತಾಟಿನ ಪಕ್ಕದಲ್ಲೇ ಸಾಲಾಗಿ ಇಟ್ಟೆ. ಅವನ್ನು ಪಕ್ಕಕ್ಕೆ ಸರಿಸಿ ಉಂಡು ಎದ್ದರು.

ಎರಡು ವರ್ಷ ಕಳೆದ ಮೇಲೆ ಮತ್ತೆ ಹುಬ್ಬಳ್ಳಿಗೆ ಹೋದೆವು. ಹೊಸ ಸ್ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿದ ಡಾಕ್ಟರು, ಎದೆ ಸ್ವಚ್ಛ ಇದೆ ಎಂದರು. ಆಮೇಲೆ ಕನ್ನಡಕದ ಮೇಲಿಂದ ಇವರನ್ನು ನೋಡಿದರು.

“ಈಗ ದಿನಕ್ಕ ಎಷ್ಟು ಯಜಮಾನ್ರ?”

ಇವರು ನನ್ನ ಕಡೆ ಕೈ ತೋರಿಸಿದರು.

“ಇಕೀನ್ನ ಕೇಳ್ರಿ. ಕುಣಿ ಗುಡಸಾಕಿ ಇಕಿ.”

“ಈಗ ಕುಣ್ಯಾಗ ಬರೇ ನೂಲ ಐತ್ರಿ ಸಾಹೇಬ್ರ,” ಎಂದೆ.