ಪಾರಿಜಾತದ ಹಳೇ ಚೀಟಿ

ನನ್ನ ತಲೆಯಲ್ಲಿ ಬರೀ ಸಗಣಿ ತುಂಬಿತ್ತು. ಇಲ್ಲದಿದ್ದರೆ ಆ ಕೆಲಸ ಮಾಡುತ್ತಿರಲಿಲ್ಲ.

ಭೀಮರಾಯರು ಮುಂಬಯಿ ಫೋರ್ಟಿನ ನಮ್ಮ ಕಾಲೇಜಿನಲ್ಲಿ ಒಣಗಿಸಿದ ಗಿಡಗಳ ಕಪಾಟು ನೋಡಿಕೊಳ್ಳುವ ಪ್ಯೂನ್. ಕಲಬುರಗಿ ಕಡೆಯವರು, ದಿನಾ ಭಾಂಡುಪ್‌ನಿಂದ ಲೋಕಲ್ ಹಿಡಿದು ಬರುವವರು. ಓದು ಬಾರದು, ಆದರೆ ಯಾವ ಗಿಡ ಯಾವ ಖಾನೆಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವರು. ಒಬ್ಬಳೇ ಮಗಳು ಹಾಲವ್ವ ನಮ್ಮಲ್ಲೇ ಸಸ್ಯಶಾಸ್ತ್ರ ಓದುತ್ತಿದ್ದಳಂತೆ. ಚಾಳಿನ ಮುಂದಿನ ಪಾರಿಜಾತವನ್ನು ಒತ್ತಿ ಒಣಗಿಸಿ, ಹಾಳೆಗೆ ಹಚ್ಚಿ, ಮೂಲೆಯ ಚೀಟಿಯಲ್ಲಿ ತನ್ನ ಕೈಯಾರೆ 'ನಿಕ್ಟಾಂತಿಸ್ ಆರ್ಬರ್-ಟ್ರಿಸ್ಟಿಸ್' ಎಂದು ಬರೆದಿದ್ದಳು. ಅದೇ ವರ್ಷ ಡೆಂಗ್ಯೂ ಬಂದು ಹೋಗಿಬಿಟ್ಟಳು. ಮರುವರ್ಷ ಅವರ ಒಂದೇ ಖೋಲಿಯ ಮನೆಗೆ ನುಗ್ಗಿದ ಮಳೆನೀರು ಅವಳ ಪುಸ್ತಕಗಳನ್ನೂ ಬಿಡಲಿಲ್ಲ. ಅವಳ ಅಕ್ಷರ ಉಳಿದದ್ದು ಆ ಚೀಟಿಯಲ್ಲಿ ಮಾತ್ರ.

ಆಮೇಲೆ ಉಪನ್ಯಾಸಕಿಯಾಗಿ ಸೇರಿದ ನನಗೆ ಇದೊಂದೂ ಗೊತ್ತಿರಲಿಲ್ಲ. ಪ್ರತಿ ಸೋಮವಾರ ಹಾಳೆಗಳಿಗೆ ಹುಳ ಹಿಡಿಯದಂತೆ ನುಸಿಗುಳಿಗೆ ಇಡುವಾಗ ಅವರು ಆ ಹಾಳೆಯ ಮುಂದೆ ತುಸು ಹೊತ್ತು ನಿಲ್ಲುವುದನ್ನಷ್ಟೇ ಕಂಡಿದ್ದೆ.

"ಅಕ್ಕೋರ, ಈ ಹೆಸರಿನ ಅರ್ಥ ಏನ್ರಿ?" ಎಂದು ಒಮ್ಮೆ ಕೇಳಿದ್ದರು.

"ರಾತ್ರಿ ಹೂವು, ದುಃಖದ ಮರ. ಲಿನೇಯಸ್ ಇಟ್ಟಿದ್ದು. ಬೆಳಗಾಗೋದ್ರೊಳಗೆ ಉದುರಿಬಿಡುತ್ತಲ್ಲ."

"ಬರೋಬ್ಬರಿ ಇಟ್ಟಾನ ಬಿಡ್ರಿ," ಎಂದಿದ್ದರು.

ನಮ್ಮಲ್ಲೊಂದು ಕಟ್ಟಳೆಯಿದೆ. ಗಿಡದ ಹೆಸರೋ ಕುಟುಂಬವೋ ಬದಲಾದರೆ ಹಳೇ ಚೀಟಿ ಕೀಳಬಾರದು. ಪಕ್ಕದಲ್ಲಿ ಹೊಸದನ್ನು ಅಂಟಿಸಿ, ಬರೆದವರ ಹೆಸರು, ತಾರೀಖು ಹಾಕಬೇಕು. ಪಾರಿಜಾತವನ್ನು ಹಿಂದೆ ತೇಗದ ಜೊತೆ ಸೇರಿಸಿದ್ದರು. ಈಗ ಅದು ಮಲ್ಲಿಗೆಯ ಕುಟುಂಬ. ಹೋದ ವರ್ಷ ಹಾಳೆಗಳ ಫೋಟೊ ತೆಗೆಯಬೇಕಾಯಿತು. ಭೀಮರಾಯರು ಊರಿಗೆ ಹೋಗಿದ್ದರು. ಮಾಸಿದ ಚೀಟಿಗಳು ಚೆಂದ ಕಾಣುವುದಿಲ್ಲವೆಂದು, ಅತಿ ಬುದ್ಧಿವಂತೆ ನಾನು, ನೀರು ಸವರಿ ಇಡೀ ಖಾನೆಯ ಚೀಟಿಗಳನ್ನು ಕಿತ್ತು, ಕಂಪ್ಯೂಟರಿನಲ್ಲಿ ಅಚ್ಚಾದವನ್ನು ಹಚ್ಚಿದೆ.

ಊರಿಂದ ಮರಳಿದ ಸೋಮವಾರ ಅವರು ಕಪಾಟಿನ ಮುಂದೆ ನಿಂತೇಬಿಟ್ಟರು.

"ಅಕ್ಕೋರ, ಇದರಾಗಿನ ಚೀಟಿ ಎಲ್ಲೈತ್ರಿ?"

"ರದ್ದಿಗೆ ಹೋಯ್ತು ಭೀಮರಾಯರೇ. ಅದರಲ್ಲಿ ಕುಟುಂಬ ತಪ್ಪಾಗಿತ್ತು."

"ತಪ್ಪಿದ್ರ ಇರ್ಲಿ ಬಿಡ್ರಿ. ಅಕ್ಷರ ನನ್ ಮಗಳದಿತ್ತು."

ಅಯ್ಯೋ ದೇವರೇ! ರದ್ದಿ ಅಂಗಡಿಗೆ ಓಡಿದೆ. ಶನಿವಾರವೇ ಗಾಡಿ ತುಂಬಿ ಹೋಗಿತ್ತಂತೆ. ವಾಪಸು ಬಂದು ಅವರೆದುರು ಅತ್ತೆ. ಅವರು ಬೈಯಲಿಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹಾಳೆಗೆ ಇನ್ನೊಂದು ಚೀಟಿ ಅಂಟಿಸಿ ಕೈಯಲ್ಲೇ ಬರೆದೆ: 'ಮೊದಲ ಚೀಟಿ ಬರೆದವಳು ಹಾಲವ್ವ. ಕಿತ್ತವಳು ವಿಮಲಾ.' ತಾರೀಖು ಹಾಕಿ ಅವರಿಗೆ ಓದಿ ಹೇಳಿದೆ. ತಲೆಯಾಡಿಸಿದರು.

ಮುಂದಿನ ಸೋಮವಾರ ಗುಳಿಗೆಯ ಪೊಟ್ಟಣ ತಂದು ನನ್ನ ಮೇಜಿನ ಮೇಲಿಟ್ಟರು.

"ಆ ಖಾನೆಗೆ ನೀವ ಇಡ್ರಿ ಅಕ್ಕೋರ. ನನಗ ಅಲ್ಲೇನ್ ಕೆಲಸ ಉಳದಿಲ್ರಿ."